ಎಲ್ಲರ ಲೋಟ ಬೋರಲಾಗುವ ತನಕ

ಜನವರಿ 9

ತಂಗಿಗೆ,

ನಿನ್ನ ಕಾಗದ ಕೈ ಸೇರಿತು. ಅಕ್ಷರ ನೋಡಿದರೆ ಕೋಳಿ ಕೆದರಿದ ಹಾಗಿದೆ. ಮೊದಲು ನಿನ್ನ ಹೊಲಿಗೆ ಎಷ್ಟು ನೇರವೋ ಬರೆದ ಸಾಲೂ ಅಷ್ಟೇ ನೇರ ಇರುತ್ತಿತ್ತು. ‘ಕೈ ಸ್ವಲ್ಪ ನಡುಗುತ್ತದೆ’ ಅಂತ ಬರೆದಿದ್ದೀಯ. ನಿನ್ನ ‘ಸ್ವಲ್ಪ’ ನನಗೆ ಗೊತ್ತಿಲ್ಲದ್ದೇ? ಚಿಕ್ಕಂದಿನಲ್ಲಿ ಬಾವಿಗೆ ಬಿದ್ದವಳನ್ನು ಮೇಲೆತ್ತಿದಾಗಲೂ ‘ಸ್ವಲ್ಪ ಜಾರಿತು’ ಅಂದವಳು ನೀನು.

ಕಟ್ಟಡ ಕೆಡವುತ್ತಾರೆ, ಮಳೆಗೆ ಮೊದಲು ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಬೇಕು ಅಂತ ಮಾಲೀಕ ಹೇಳಿದ್ದನ್ನು ಬರೆದು, ಕೊನೆಗೆ ‘ಎಲ್ಲಾದರೂ ನೋಡಿಕೊಳ್ಳುತ್ತೇನೆ’ ಅಂತ ಸೇರಿಸಿದ್ದೀಯಲ್ಲ, ಆ ಸಾಲು ಓದಿ ನನಗೆ ಮೈ ಉರಿಯಿತು. ಎಲ್ಲಿ ನೋಡಿಕೊಳ್ಳುತ್ತೀ? ಗಂಡ ಹೋದ, ಮಕ್ಕಳಿಲ್ಲ, ಇರುವವಳು ನಾನೊಬ್ಬಳು. ನನ್ನ ಹತ್ತಿರ ಬಾ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆ, ಅಳೆದು ನೋಡಿದ್ದೇನೆ. ಎದುರುಬದುರು ಮಲಗಿ ಸಾಯುವ ತನಕ ಜಗಳವಾಡಬಹುದು.

ಆದರೆ ನಾನೊಬ್ಬಳು ಹೂಂ ಅಂದರೆ ಆಗುವ ಮನೆಯಲ್ಲ ಇದು. ಮೊಮ್ಮಗಳು ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಾಗ ನಿನಗೆ ಬರೆದಿದ್ದೆ, ನೆನಪಿದೆಯೋ ಇಲ್ಲವೋ. ಇದು ಹಳೆಯ ಬಿಸ್ಕತ್ತಿನ ಕಾರ್ಖಾನೆ. ತೇವ ಹೆಚ್ಚಾದ ದಿನ ಗೋಡೆಯಿಂದ ಈಗಲೂ ಸೀದ ಸಕ್ಕರೆಯ ವಾಸನೆ ಬರುತ್ತದೆ. ಒಂದಷ್ಟು ಸಂಸಾರಗಳು ಸೇರಿ ಕೋಣೆ ಮಾಡಿಕೊಂಡಿದ್ದೇವೆ. ಅಡುಗೆಮನೆ ಒಂದು, ಬಟ್ಟೆ ಒಗೆಯುವ ಜಾಗ ಒಂದು, ನೀರೆತ್ತುವ ಪಂಪು ಒಂದು. ಯಜಮಾನ ಅಂತ ಯಾರೂ ಇಲ್ಲ.

ಯಜಮಾನ ಇಲ್ಲದ ಮನೆಯಲ್ಲಿ ತೀರ್ಮಾನ ಮಾಡುವುದು ಹೇಗೆ? ಹದಿನೈದು ದಿನಕ್ಕೊಮ್ಮೆ, ಭಾನುವಾರ, ಹಿಂದೆ ಒಲೆಗಳಿದ್ದ ದೊಡ್ಡ ಹಜಾರದಲ್ಲಿ ಚಾಪೆ ಹಾಸಿ ಕೂರುತ್ತೇವೆ. ವಿಷಯ ಏನು ಅಂತ ಹೇಳಿ ಎಲ್ಲರ ಮುಂದೆ ಒಂದೊಂದು ಲೋಟ ಚಹಾ ಇಡುತ್ತಾರೆ. ಒಪ್ಪಿದವರು ಕುಡಿದು ಲೋಟ ಬೋರಲು ಹಾಕಬೇಕು. ಒಪ್ಪದವರು ಮುಟ್ಟಬಾರದು. ಒಂದೇ ಒಂದು ಲೋಟ ತುಂಬಿ ಉಳಿದರೂ ತೀರ್ಮಾನ ಆಗಲಿಲ್ಲ ಅಂತ ಅರ್ಥ. ಆ ವಿಷಯ ಮುಗಿಯುವ ತನಕ ಮುಂದಿನ ವಿಷಯ ಎತ್ತುವಂತಿಲ್ಲ. ಸಭೆ ನಡೆಸುವವರು ನಮ್ಮ ಮೇಷ್ಟ್ರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಆದರೆ ಸಭೆಯಲ್ಲಿ ಕೈ ಎಣಿಸುವುದೆಂದರೆ ಅವರಿಗಾಗದು. “ಕೈ ಎಣಿಸಿದ್ರೆ ಸೋತವರು ಹುಟ್ಕೊಳ್ತಾರೆ ಅಜ್ಜಿ. ಈ ಮನೇಲಿ ಯಾರೂ ಸೋಲಬಾರದು” ಅನ್ನುತ್ತಾರೆ.

ನಗಬೇಡ. ನನ್ನ ಗಂಡನ ಮನೆಯಲ್ಲಿ ಮಾವ ಒಂದು ಸಲ ಕೆಮ್ಮಿದರೆ ತೀರ್ಮಾನ ಆಗುತ್ತಿತ್ತು. ನಾನು ಒಲೆ ಮುಂದೆ ಕೂತು ಆ ಕೆಮ್ಮಿನ ಅರ್ಥ ಹಚ್ಚುತ್ತಿದ್ದೆ. ಇಲ್ಲಿಗೆ ಬಂದ ಮೊದಲ ಭಾನುವಾರ ಮೇಷ್ಟ್ರು ನನ್ನ ಕಡೆ ತಿರುಗಿ “ನಿಮ್ಮ ಅಭಿಪ್ರಾಯ ಏನು?” ಅಂದಾಗ ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕೇಳುತ್ತಿದ್ದಾರೆ ಅಂತ. ಆವತ್ತಿನಿಂದ ನನಗೆ ಈ ಲೋಟದ ಪದ್ಧತಿಯ ಮೇಲೆ ಪ್ರೀತಿ.

ಮುಂದಿನ ಭಾನುವಾರ ನಿನ್ನ ವಿಷಯ ಇಡುತ್ತೇನೆ. ಫೋನು ಮಾಡುತ್ತಿದ್ದೆ, ಆದರೆ ನಿನಗೆ ಕೇಳುವುದಿಲ್ಲ, ನನಗೆ ಕೂಗಿ ಕೂಗಿ ಗಂಟಲು ಬೀಳುತ್ತದೆ. ಆದ್ದರಿಂದ ಬರೆಯುತ್ತೇನೆ. ನೀನೂ ಬರಿ, ಕೋಳಿ ಕೆದರಿದರೂ ಪರವಾಗಿಲ್ಲ.

ನಿನ್ನ ಅಕ್ಕ


ಜನವರಿ 22

ಅಕ್ಕನಿಗೆ,

ನಿನ್ನ ಕಾಗದ ಓದಿ ತುಂಬಾ ಹೊತ್ತು ನಕ್ಕೆ. ಈಗೀಗ ಸೂಜಿಯ ಕಣ್ಣಿಗೂ ದಾರಕ್ಕೂ ಮಾತಿಲ್ಲ, ಮುನಿಸಿಕೊಂಡ ಗಂಡ ಹೆಂಡಿರ ಹಾಗೆ. ಮೊನ್ನೆ ಒಂದು ತೋಳು ತಿರುಗಾಮುರುಗಾ ಹೊಲಿದೆ. ಗಿರಾಕಿ ನನ್ನ ಮುಖ ನೋಡಿ ಬಟ್ಟೆ ಮಡಿಸಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಒಂದು ಸಮಾಚಾರ. ವೃದ್ಧರ ಸರ್ಕಾರಿ ಮನೆಗೆ ಹೋದ ವರ್ಷ ಅರ್ಜಿ ಹಾಕಿದ್ದೆನಲ್ಲ, ಒಂದು ಮಂಚ ಖಾಲಿ ಆಗಿದೆಯಂತೆ. ನಿಮ್ಮ ಮನೆಯಿಂದ ಒಂದೇ ಬಸ್ಸಿನ ದೂರದಲ್ಲಿರುವ ಮನೆ. ಇನ್ನು ಹದಿನೈದು ದಿನದೊಳಗೆ ಬರುತ್ತೇನೆ ಅಂತಲೋ ಇಲ್ಲ ಅಂತಲೋ ತಿಳಿಸಬೇಕು, ಇಲ್ಲದಿದ್ದರೆ ಮುಂದಿನವರಿಗೆ ಕೊಡುತ್ತಾರೆ. ಹೋಗಲೋ ಬೇಡವೋ? ನಿಮ್ಮ ಚಹಾದವರು ಏನಂದರು?

ನಿನ್ನ ಜೊತೆ ಇರುವುದು ನನಗೂ ಇಷ್ಟ. ಆದರೆ ನಿನಗೆ ತೊಂದರೆ ಆಗುವುದಾದರೆ ಬೇಡ.

ತಂಗಿ


ಜನವರಿ 28

ತಂಗಿಗೆ,

ಆ ಮಂಚ ಬೇಡ ಅಂತ ಇವತ್ತೇ ತಿಳಿಸು. ಇಲ್ಲಿ ಕೆಲಸ ಆದ ಹಾಗೇ. ಒಂದೇ ಲೋಟ ಬಾಕಿ.

ಭಾನುವಾರ ನಿನ್ನ ವಿಷಯ ಇಟ್ಟೆ. “ನನ್ನ ತಂಗಿ. ಹೊಲಿಗೆಯವಳು, ಈಗ ಕೈ ನಡುಗುತ್ತದೆ. ಕಡಿಮೆ ತಿನ್ನುತ್ತಾಳೆ, ಕಡಿಮೆ ಮಾತಾಡುತ್ತಾಳೆ, ಯಾರ ಜೊತೆಗೂ ಜಗಳಕ್ಕೆ ಹೋಗುವವಳಲ್ಲ” ಅಂದೆ. ಬಡಗಿ ಇದ್ದಾನಲ್ಲ, ಅವನು “ಹಾಗಾದ್ರೆ ಅಜ್ಜಿ, ನಿಮ್ಮನ್ನ ಕಳಿಸಿ ಅವರನ್ನೇ ಇಟ್ಕೊಳ್ಳೋಣ ಬಿಡಿ” ಅಂದ. ಹಜಾರವೆಲ್ಲ ನಕ್ಕಿತು. ಮೊಮ್ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ನರ್ಸಿನ ಬಟ್ಟೆಯಲ್ಲೇ ಕೂತು ಎಲ್ಲರಿಗಿಂತ ಮೊದಲು ಲೋಟ ಬೋರಲು ಹಾಕಿದಳು. ಮೇಷ್ಟ್ರು, ಬಡಗಿ, ಡ್ರೈವರು, ಕಂಕುಳಲ್ಲಿ ಕೂಸಿದ್ದ ಅವನ ಹೆಂಡತಿ, ಒಬ್ಬೊಬ್ಬರದೇ ಟಕ್ ಟಕ್ ಅಂತ ಬೋರಲಾಯಿತು.

ಉಳಿದದ್ದು ಗಡಿಯಾರದವನದು. ನನ್ನ ಪಕ್ಕದ ಕೋಣೆಯವನು, ಒಂಟಿ ಮನುಷ್ಯ, ಪೇಟೆ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ.

“ಬೇಡ ಅಂತಲ್ಲ. ಏನೋ ಹಿಂಜರಿಕೆ. ಸ್ವಲ್ಪ ಟೈಮ್ ಕೊಡಿ” ಅಂದ.

ಮೇಷ್ಟ್ರಿಗೆ ಇಂಥದ್ದು ಕಂಡರೆ ಹಬ್ಬ. “ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನಿಮಗೆ ಧನ್ಯವಾದ” ಅಂದರು. ಎಲ್ಲರೂ ತಲೆಯಾಡಿಸಿದರು. ಒಪ್ಪಿದವರಿಗೆ ಯಾರೂ ಧನ್ಯವಾದ ಹೇಳಲಿಲ್ಲ ನೋಡು.

ಅವನು ಕೆಟ್ಟವನಲ್ಲ. ನನ್ನ ಗೋಡೆ ಗಡಿಯಾರಕ್ಕೆ ತಾನೇ ಬಂದು ಕೀ ಕೊಟ್ಟು ಹೋಗುತ್ತಾನೆ. ಮುಂದಿನ ಸಭೆಗೆ ಸರಿಹೋಗುತ್ತದೆ. ಬಟ್ಟೆ ಕಟ್ಟಿಕೊಳ್ಳಲು ಶುರು ಮಾಡು.

ನಿನ್ನ ಅಕ್ಕ


ಮಾರ್ಚ್ 4

ತಂಗಿಗೆ,

ಮಂಚ ಬೇಡ ಅಂದೆ, ಬೇರೆಯವರಿಗೆ ಕೊಟ್ಟರು ಅಂತ ನೀನು ಬರೆದ ಒಂದು ಸಾಲಿನ ಕಾಗದ ಬಂತು. ಒಳ್ಳೆಯದು ಮಾಡಿದೆ.

ಇಲ್ಲಿ ಮತ್ತೆ ಸಭೆಗಳಾದವು. ಗಡಿಯಾರದವನ ಲೋಟ ಹಾಗೇ ತುಂಬಿತ್ತು. ಅದು ಇರಲಿ. ನಾನು ಎಣಿಸದೆ ಇದ್ದದ್ದು ಏನೆಂದರೆ ಈ ಸಲ ಡ್ರೈವರನ ಹೆಂಡತಿಯೂ ಮುಟ್ಟಲಿಲ್ಲ. ಹೋದ ಸಲ ಕುಡಿದಿದ್ದವಳು. “ಯಾಕಮ್ಮಾ?” ಅಂದೆ. “ಅವರು ಅಷ್ಟೊಂದು ಯೋಚನೆ ಮಾಡ್ತಿದಾರೆ ಅಂದ್ಮೇಲೆ ನಾನೂ ಯೋಚನೆ ಮಾಡ್ಬೇಕಲ್ವಾ ಅಜ್ಜಿ” ಅಂದಳು. ಯೋಚನೆ ಸಿಡುಬಿನ ಹಾಗೆ ಹಬ್ಬುತ್ತದೆ ಅಂತ ಈ ವಯಸ್ಸಿನಲ್ಲಿ ಕಲಿತೆ.

ಮೇಷ್ಟ್ರು ಒಂದು ದಾರಿ ಹುಡುಕಿದರು. ‘ಖಾಯಂ ಆಗಿ’ ಅನ್ನುವ ಮಾತು ಜನರಿಗೆ ಭಾರ ಆಗುತ್ತಿದೆ, ಅದನ್ನು ತೆಗೆದು ‘ಒಂದು ವರ್ಷ ನೋಡೋಣ’ ಅಂತ ಇಡೋಣ ಅಂದರು. ನನಗೆ ನಾಲಿಗೆ ತುದಿಗೆ ಬಂದಿತ್ತು, ನನ್ನ ತಂಗಿ ಏನು ಬಾಡಿಗೆಗೆ ತಂದ ಹೊಲಿಗೆ ಮಿಷನ್ನೇ, ವರ್ಷ ನೋಡಿ ವಾಪಸು ಕೊಡುವುದಕ್ಕೆ ಅಂತ. ನುಂಗಿಕೊಂಡೆ. ನಿನಗೋಸ್ಕರ ಈ ಬಾಯಿ ಎಷ್ಟು ನುಂಗಿದೆ ಅಂದರೆ ಊಟ ಸೇರುತ್ತಿಲ್ಲ.

ಆಮೇಲೆ ಬಡಗಿ ಎದ್ದ. ಬಚ್ಚಲುಮನೆಗೆ ಮೆಟ್ಟಿಲು ಇಳಿಯಬೇಕು, ಕೈ ನಡುಗುವವರು ಹಿಡಿಯಲು ಏನೂ ಇಲ್ಲ, ಬಿದ್ದರೆ ಗತಿ ಏನು ಅಂತ. ನ್ಯಾಯವಾದ ಮಾತು.

“ಬಡಗಿ ನೀನೇ ಅಲ್ವೇನಯ್ಯಾ? ಗೋಡೆಗೊಂದು ಮರದ ಹಿಡಿಕೆ ಬಡಿ” ಅಂದೆ.

“ಅರ್ಧ ದಿನದ ಕೆಲಸ ಅಜ್ಜಿ, ಇವತ್ತೇ ಬಡೀತೀನಿ. ಆದ್ರೆ ಅದು ಮನೆಗೆ ಮಾಡೋ ಬದಲಾವಣೆ. ಬೇರೆ ವಿಷಯ ಆಗುತ್ತೆ. ಈ ವಿಷಯ ಮುಗಿದ ಮೇಲೆ ತಾನೇ ಎತ್ತೋದು?”

ಮೇಷ್ಟ್ರು ಹೌದು ಅಂದರು. ಎಲ್ಲರೂ ಹೌದು ಅಂದರು. ಅರ್ಥವಾಯಿತೇ? ಹಿಡಿಕೆ ಇಲ್ಲದೆ ನೀನು ಬರುವಂತಿಲ್ಲ. ನೀನು ಬರುವುದು ತೀರ್ಮಾನ ಆಗದೆ ಹಿಡಿಕೆ ಹಾಕುವಂತಿಲ್ಲ. ನಾನು ಒಬ್ಬೊಬ್ಬರ ಮುಖ ನೋಡಿದೆ, ಯಾರಾದರೂ ನಗುತ್ತಾರೇನೋ ಅಂತ. ಯಾರೂ ನಗಲಿಲ್ಲ. ಎಲ್ಲರ ಮುಖದಲ್ಲೂ ನನ್ನ ಮೇಲೆ ಪ್ರೀತಿಯೇ ಇತ್ತು.

ಬಟ್ಟೆ ಕಟ್ಟಿದ್ದರೆ ಬಿಚ್ಚಬೇಡ. ಸುಮ್ಮನೆ ಇಟ್ಟಿರು.

ನಿನ್ನ ಅಕ್ಕ


ಏಪ್ರಿಲ್ 11

ಅಕ್ಕನಿಗೆ,

ಅಂಗಡಿಯ ಬೋರ್ಡು ಇಳಿಸಿದರು. ಮುಂದಿನ ಭಾಗ ಒಡೆಯುತ್ತಿದ್ದಾರೆ. ಹಗಲೆಲ್ಲ ಧೂಳು, ಊಟದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಉಣ್ಣುತ್ತೇನೆ. ನನಗೆ ಸರಿಯಾಗಿ ಕೇಳದಿರುವುದು ಈಗ ಉಪಯೋಗಕ್ಕೆ ಬಂತು. ಒಡೆಯುವವರು ಒಳ್ಳೆಯವರು, ನನ್ನ ಕೋಣೆಯ ಗೋಡೆಯನ್ನು ಕೊನೆಗೆ ಇಟ್ಟುಕೊಂಡಿದ್ದಾರೆ.

ಮಿಷನ್ ಮಾರಿದೆ. ಕಾಲಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ, ಕೂತಲ್ಲೇ ತುಳಿಯುತ್ತದೆ.

ನಿಮ್ಮ ಸಭೆಯದು ಅವಸರವೇನಿಲ್ಲ. ಅವರಿಗೂ ಅವರವರ ಯೋಚನೆ ಇರುತ್ತದೆ. ಯಾರ ಮೇಲೂ ನಾಲಿಗೆ ಹರಿಬಿಡಬೇಡ.

ತಂಗಿ


ಮೇ 15

ತಂಗಿಗೆ,

‘ಅವಸರವೇನಿಲ್ಲ’ ಅಂತ ಬರೆದ ಕಾಗದವನ್ನು ಮೊಮ್ಮಗಳಿಗೆ ತೋರಿಸಿದೆ. ಮಡಿಕೆಯೊಳಗಿಂದ ಸುಣ್ಣದ ಪುಡಿ ಉದುರಿತು. ಅವಳು ಅದನ್ನು ಮಡಿಸಿ ಕೊಟ್ಟಳು.

ನೀನು ಬೇಡ ಅಂದದ್ದನ್ನು ಮಾಡಿದೆ. ಗಡಿಯಾರದವನ ಅಂಗಡಿಗೇ ಹೋದೆ. ಕಪಾಟಿನಷ್ಟು ಅಗಲದ ಅಂಗಡಿ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಿದ್ದ. ಸುತ್ತಲೂ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿದ್ದವು.

“ಏನಯ್ಯಾ, ನಿನ್ನ ಹಿಂಜರಿಕೆ ಪತ್ತೆ ಆಯ್ತಾ, ಇಲ್ಲ ಪೊಲೀಸಿಗೆ ಕಂಪ್ಲೇಂಟ್ ಕೊಡೋಣವಾ?” ಅಂದೆ.

“ಕೂತ್ಕೊಳ್ಳಿ ಅಜ್ಜಿ” ಅಂತ ತನ್ನ ಸ್ಟೂಲು ಕೊಟ್ಟು ತಾನು ನಿಂತ.

“ಕೂರೋಕೆ ಬಂದಿಲ್ಲ. ನನ್ನ ತಂಗಿ ಧೂಳಲ್ಲಿ ಊಟ ಮಾಡ್ತಿದಾಳೆ. ನಿನಗೆ ಅವಳು ಏನು ಮಾಡಿದಾಳೆ ಹೇಳು.”

“ಅವರೇನೂ ಮಾಡಿಲ್ಲ.” ಕಣ್ಣಿಂದ ಗಾಜು ತೆಗೆದ. “ನಮ್ಮಮ್ಮ ಹಾಸಿಗೆ ಹಿಡಿದಾಗ ನೀವಿನ್ನೂ ಈ ಮನೆಗೆ ಬಂದಿರಲಿಲ್ಲ. ಆಗಲೂ ಸಭೆ ಆಗಿತ್ತು. ಎಲ್ಲರೂ ಸರದಿ ಮೇಲೆ ನೋಡ್ಕೊಳ್ತೀವಿ ಅಂದ್ರು. ಒಂದು ಲೋಟನೂ ಉಳೀಲಿಲ್ಲ ಅಜ್ಜಿ. ಮೇಷ್ಟ್ರು ಕಣ್ಣಲ್ಲಿ ನೀರು ಹಾಕ್ಕೊಂಡ್ರು.”

“ಆಮೇಲೆ?”

“ಮೊದಮೊದಲು ಬಂದ್ರು. ಆಮೇಲೆ ಒಬ್ಬರಿಗೆ ಡ್ಯೂಟಿ, ಒಬ್ಬರಿಗೆ ಜ್ವರ, ಒಬ್ಬರ ಮನೇಲಿ ನೆಂಟರು. ಯಾರ್ದೂ ಸುಳ್ಳಲ್ಲ. ನಾನೂ ಕೇಳೋದು ಬಿಟ್ಟೆ. ಅಮ್ಮನ್ನ ಎತ್ತೋದು, ತಿರುಗಿಸೋದು, ತೊಳೆಯೋದು, ಒಬ್ಬನೇ. ಅಂಗಡಿ ಮುಚ್ಚೇ ಇತ್ತು. ಹೋಗೋವಾಗ ಅವಳ ಬೆನ್ನೆಲ್ಲ ಹುಣ್ಣಾಗಿತ್ತು. ಹೆಣ ಎತ್ತೋ ದಿನ ಮಾತ್ರ ಎಲ್ಲರೂ ಬಂದಿದ್ರು.”

“ಇದನ್ನ ಸಭೇಲಿ ಹೇಳೋದಲ್ವೇನೋ?”

“ಹೇಳಿದ್ರೆ ಎಲ್ಲರೂ ತಪ್ಪಾಯ್ತು ಅಂತಾರೆ. ಮನಸ್ಸಿನಿಂದಲೇ ಅಂತಾರೆ. ಅಂದು, ಮತ್ತೆ ಲೋಟ ಬೋರಲು ಹಾಕ್ತಾರೆ. ನಾಳೆ ನಿಮ್ಮ ತಂಗಿ ಮಲಗಿದಾಗ ಈ ಸೊಂಟ ಇಟ್ಕೊಂಡು ನೀವು ಎತ್ತೋಕಾಗಲ್ಲ. ನಿಮ್ಮ ಮೊಮ್ಮಗಳು ಆಸ್ಪತ್ರೇಲಿ ಇರ್ತಾಳೆ. ಗೋಡೆ ಆಚೆ ಇರೋನು ನಾನು. ನನಗೆ ಕೇಳಿಸುತ್ತೆ. ಕೇಳಿಸಿದ್ರೆ ಬರದೆ ಇರೋಕಾಗಲ್ಲ, ಬರೋಕೂ ಇನ್ನು ಆಗಲ್ಲ ಅಜ್ಜಿ. ಅಷ್ಟೇ.”

ಹೊಡೆಯಲು ಕೈ ಎತ್ತಿಕೊಂಡು ಹೋದವಳು ನಾನು. ಆ ಕೈ ಏನು ಮಾಡಬೇಕು ಅಂತ ಗೊತ್ತಾಗದೆ ಅವನ ಮೇಜಿನ ಮೇಲಿನ ಧೂಳು ಒರೆಸಿದೆ. “ಅಲ್ಲಿ ಮುಟ್ಟಬೇಡಿ, ಸಣ್ಣ ಸಣ್ಣ ಸ್ಕ್ರೂ ಇವೆ” ಅಂದ. ಹೊರಟು ಬಂದೆ.

ಅವನ ಜಾಗದಲ್ಲಿದ್ದರೆ ನಾನು ಕುಡಿಯುತ್ತಿದ್ದೆನೇ? ಈ ಪ್ರಶ್ನೆಗೆ ಉತ್ತರ ಬರೆಯಬೇಡ.

ಅವನು ಹೇಳಿದ್ದನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಅದು ನನ್ನ ಮಾತಲ್ಲ. ಮೇಷ್ಟ್ರು ಮತ್ತೆ ವಾಕ್ಯ ತಿದ್ದಿದ್ದಾರೆ. ‘ಒಂದು ವರ್ಷ’ ಹೋಗಿ ‘ಮೂರು ತಿಂಗಳು’ ಆಗಿದೆ. ಪ್ರತಿ ಸಲ ಅಂಚು ಕತ್ತರಿಸಿ ಕತ್ತರಿಸಿ ಅಂಗಿ ಹೊಲಿದರೆ ಏನು ಉಳಿಯುತ್ತದೆ ಅಂತ ನಿನಗೆ ಗೊತ್ತಿರಬೇಕು.

ನಿನ್ನ ಅಕ್ಕ


ಜೂನ್ 2

ಅಕ್ಕನಿಗೆ,

ಗೋಡೆಯ ಸರದಿ ಬಂತು. ವೃದ್ಧರ ಮನೆಯ ಆಫೀಸಿಗೆ ಹೋಗಿ ಕೇಳಿದೆ. ನಿಮ್ಮ ಹತ್ತಿರದ್ದರಲ್ಲಿ ಈಗ ಜಾಗವಿಲ್ಲ, ಒಮ್ಮೆ ಬೇಡ ಅಂದವರು ಪಟ್ಟಿಯ ಕೊನೆಗೆ ಹೋಗುತ್ತಾರಂತೆ. ದೂರದ್ದೊಂದು ಇದೆ, ಅಲ್ಲಿ ಮಂಚ ಇದೆ ಅಂದರು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಹೂಂ ಅಂದೆ. ಗುರುವಾರ ಹೊರಡುತ್ತೇನೆ.

ಈ ಕಾಗದ ನಿನಗೆ ತಲುಪುವಾಗ ನಾನು ಅಲ್ಲಿರುತ್ತೇನೆ. ಮೊದಲೇ ತಿಳಿಸಿದ್ದರೆ ನೀನು ಸ್ಟೇಷನ್ನಿಗೆ ಬಂದು ಎಲ್ಲರ ಮುಂದೆ ನನ್ನನ್ನು ಬೈಯುತ್ತಿದ್ದೆ.

ಆ ಗಡಿಯಾರದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಪಾಪ, ಅವರ ತಾಯಿ.

ತಂಗಿ


ಜುಲೈ 19

ತಂಗಿಗೆ,

ನಿನ್ನನ್ನು ಬೈದು ಒಂದು ಕಾಗದ ಬರೆದಿದ್ದೆ. ಹರಿದು ಹಾಕಿದೆ. ಮಂಚ ಬೇಡ ಅಂತ ತಿಳಿಸು ಎಂದವಳು ಯಾರು ಅನ್ನುವುದು ಅರ್ಧ ಬರೆಯುವಾಗ ನೆನಪಾಯಿತು.

ನಾನೇ ಅಲ್ಲಿಗೆ ಬರೋಣ ಅಂತ ಮೊಮ್ಮಗಳ ಕೈಯಲ್ಲಿ ಆ ಮನೆಗೆ ಫೋನು ಮಾಡಿಸಿದೆ. ಇರಲು ಮನೆ ಇದ್ದವರನ್ನು, ನೋಡಿಕೊಳ್ಳುವ ಮೊಮ್ಮಕ್ಕಳಿದ್ದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲವಂತೆ. ಎಲ್ಲಾದರೂ ಒಂದು ಕೋಣೆ ಹಿಡಿದು ಇಬ್ಬರೇ ಇರೋಣ ಅಂದರೆ ನನ್ನ ಸೊಂಟ, ನಿನ್ನ ಕೈ. ಇಬ್ಬರನ್ನೂ ಸೇರಿಸಿದರೂ ಒಂದು ಆಳಾಗುವುದಿಲ್ಲ.

ಆದರೆ ನಿನ್ನ ವಿಷಯವನ್ನು ನಾನು ಬಿಟ್ಟಿಲ್ಲ. ನೀನು ಹೋದ ಮೇಲೂ ಪ್ರತಿ ಸಭೆಯಲ್ಲಿ ಅದೇ ವಿಷಯ. ಇಲ್ಲಿ ತೀರ್ಮಾನ ಆದರೆ ಮಾರನೆಯ ದಿನವೇ ರೈಲು ಹತ್ತಿ ಬಂದು ನಿನ್ನನ್ನು ಕರೆತರುತ್ತೇನೆ.

ಈ ನಡುವೆ ಪಂಪು ಕೆಟ್ಟಿತು. ರಿಪೇರಿಯಿಂದ ಆಗುವುದಿಲ್ಲ, ಹೊಸದು ತರಬೇಕು. ಹೊಸದು ತರುವುದು ಅಂದರೆ ಹೊಸ ವಿಷಯ. ಹೊಸ ವಿಷಯ ಎತ್ತಬೇಕಾದರೆ ಹಳೆಯದು ಮುಗಿಯಬೇಕು. ಎಲ್ಲರೂ ಕೆಳಗಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದಾರೆ. ಡ್ರೈವರನ ಹೆಂಡತಿ ಮೇಲಿನ ಅಂತಸ್ತಿನವಳು, ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಬಕೆಟ್ಟು. ನನ್ನ ಬಾಗಿಲ ಮುಂದೆಯೇ ಮೆಟ್ಟಿಲು. ಹತ್ತುವಾಗ ಒಂದು ಸಲ ನಿಂತು ಉಸಿರು ಬಿಡುತ್ತಾಳೆ. ಕೇಳಿಸಲಿ ಅಂತ ಬಿಡುವುದಲ್ಲ. ನನಗೆ ಕೇಳಿಸುತ್ತದೆ, ಅಷ್ಟೇ.

“ಪದ್ಧತಿ ಒಂದು ದಿನ ಪಕ್ಕಕ್ಕಿಟ್ಟು ಪಂಪು ತಂದುಬಿಡಿ” ಅಂದೆ ಮೇಷ್ಟ್ರಿಗೆ. ಗಾಬರಿಯಾದರು. “ಇವತ್ತು ಪಂಪಿಗೆ ಪಕ್ಕಕ್ಕಿಟ್ಟರೆ ನಾಳೆ ಯಾರದ್ದಾದರೂ ಮಾತನ್ನ ಹಾಗೇ ಪಕ್ಕಕ್ಕಿಡ್ತೀವಿ ಅಜ್ಜಿ. ನಿಮ್ಮ ಮಾತನ್ನೇ ಇಡಬಹುದು” ಅಂದರು. ಹೋದ ಭಾನುವಾರ ಅವರೇ ಹೊಸ ವಾಕ್ಯ ಓದಿದರು. ‘ಅಜ್ಜಿಯ ತಂಗಿ ಈ ಮನೆಗೆ ಯಾವಾಗ ಬೇಕಾದರೂ ಹಗಲು ಹೊತ್ತು ಬಂದು ಹೋಗಬಹುದು, ಎಲ್ಲರೂ ಮನಸಾರೆ ಸ್ವಾಗತಿಸುತ್ತೇವೆ.’ ಗಡಿಯಾರದವನು ಕೂಡ ಕುಡಿದ. ಅವನ ಲೋಟ ಬೋರಲಾದ ಸದ್ದು ಕೇಳಿ ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಎಲ್ಲರೂ ನನ್ನ ಲೋಟ ನೋಡಿದರು.

ನಾನು ಮುಟ್ಟಲಿಲ್ಲ.

ಈಗ ಈ ಮನೆಯಲ್ಲಿ ತುಂಬಿದ ಲೋಟ ನನ್ನದೊಂದೇ. ಯಾರೂ ಬೈಯಲಿಲ್ಲ. “ಅಜ್ಜಿಗೆ ಟೈಮ್ ಕೊಡೋಣ” ಅಂದರು. ಮೇಷ್ಟ್ರು ಧನ್ಯವಾದವನ್ನೂ ಹೇಳಿದರು.

ಮೊನ್ನೆ ಸಂಜೆ ಮೊಮ್ಮಗಳು ನನ್ನ ಪಾಲಿನ ನೀರು ತಂದಿಟ್ಟು ಮಂಚದ ತುದಿಯಲ್ಲಿ ಕೂತಳು.

“ಅಜ್ಜಿ, ಚಿಕ್ಕಜ್ಜಿ ಅಲ್ಲಿಗೆ ಹೋಗಿ ಆಯ್ತಲ್ಲ. ಅಲ್ಲಿ ಡಾಕ್ಟ್ರಿದ್ದಾರೆ, ಊಟ ಇದೆ.”

“ನಾನಿಲ್ಲ.”

“ಗೊತ್ತು. ಆದ್ರೆ ನೀವು ಹೀಗೆ ಹಿಡ್ಕೊಂಡು ಕೂತ್ರೆ ಚಿಕ್ಕಜ್ಜಿ ಬರಲ್ಲ, ನೀರೂ ಬರಲ್ಲ. ಮೇಲಿನವರ ಕೂಸಿಗೆ ಮೈಯೆಲ್ಲ ಗುಳ್ಳೆ ಎದ್ದಿದೆ, ಸ್ನಾನಕ್ಕೆ ನೀರಿಲ್ಲದೆ.”

“ಗಡಿಯಾರದವನ ತಾಯಿ ಮಲಗಿದ್ದಾಗ ನೀನೂ ಲೋಟ ಬೋರಲು ಹಾಕಿದ್ದೆಯಾ?” ಅಂತ ಕೇಳಿಬಿಟ್ಟೆ.

“ನನಗಾಗ ನೈಟ್ ಡ್ಯೂಟಿ ಅಜ್ಜಿ” ಅಂದಳು. ಖಾಲಿ ಬಕೆಟ್ಟು ತೆಗೆದುಕೊಂಡು ಎದ್ದು ಹೋದಳು. ಈ ನಾಲಿಗೆಯನ್ನು ಯಾವಾಗಲೋ ಕತ್ತರಿಸಿ ಹಾಕಬೇಕಿತ್ತು. ಆವತ್ತಿನಿಂದ ಅವಳು ನೀರು ತರುವುದನ್ನು ನಿಲ್ಲಿಸಿಲ್ಲ. ಕೂರುವುದನ್ನು ನಿಲ್ಲಿಸಿದ್ದಾಳೆ.

ನಿನ್ನ ಮಂಚದ ಪಕ್ಕದಲ್ಲಿ ಕಿಟಕಿ ಇದೆಯೇ? ಯಾರ ಜೊತೆಗಾದರೂ ಮಾತಾಡುತ್ತೀಯಾ? ಬರಿ.

ನಿನ್ನ ಅಕ್ಕ


ಆಗಸ್ಟ್ 23

ಅಕ್ಕನಿಗೆ,

ಇದನ್ನು ಬರೆಯುತ್ತಿರುವವರು ನನ್ನ ಪಕ್ಕದ ಮಂಚದವರು. ಅವರಿಗೆ ಕೈ ಇದೆ, ಕಾಲಿಲ್ಲ. ನನಗೆ ಕಾಲಿದೆ, ಕೈ ಹೋಯಿತು. ಹೀಗೆ ಒಪ್ಪಂದ ಆಗಿದೆ, ನಾನು ಅವರಿಗೆ ನೀರು ತಂದುಕೊಡುತ್ತೇನೆ, ಅರ್ಧ ದಾರಿಯಲ್ಲಿ ಚೆಲ್ಲುತ್ತದೆ, ಉಳಿದದ್ದನ್ನು ಅವರು ಕುಡಿಯುತ್ತಾರೆ.

ಕಿಟಕಿ ಇದೆ, ಎತ್ತರದಲ್ಲಿದೆ. ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರುತ್ತದೆ. ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಮೊದಲು ಬೇಜಾರಾಗುತ್ತಿತ್ತು, ಈಗ ಒಂಥರಾ ಹಗುರ. ನಿನಗಾಗಿದ್ದರೆ ಹಗುರ ಅನ್ನಿಸುತ್ತಿರಲಿಲ್ಲ, ಗಂಟೆ ಹೊಡೆಯುವವನ ಕೈ ಮುರಿಯುತ್ತಿದ್ದೆ. (ಇದನ್ನು ಬರೆಯುವಾಗ ಇವರು ನಕ್ಕರು.)

ನೀನು ಬರೆದದ್ದನ್ನು ಇವರೇ ಓದಿ ಹೇಳಿದರು. ಆ ಕೂಸಿಗೆ ಗುಳ್ಳೆ ಅಂತ ಇತ್ತಲ್ಲ, ಈಗ ಹೇಗಿದೆ? ನಿನ್ನ ಮೊಮ್ಮಗಳ ಹತ್ತಿರ ಮಾತಾಡು. ಅವಳು ಸಣ್ಣವಳು, ನೀನೇ ಮೊದಲು ಮಾತಾಡಬೇಕು.

ಒಂದು ಕೇಳಬೇಕಿತ್ತು. ಬೇರೆಯವರ ಕೈಯಲ್ಲಿ ಬರೆಸುವ ಮಾತಲ್ಲ, ಬಿಡು.

ತಂಗಿ
(ಸಹಿಯ ಜಾಗದಲ್ಲಿರುವ ಗೆರೆ ಅವರೇ ಎಳೆದದ್ದು. ಬೇಡ ಅಂದರೂ ಕೇಳಲಿಲ್ಲ.)


ಸೆಪ್ಟೆಂಬರ್ 14

ತಂಗಿಗೆ,

ಪಕ್ಕದ ಮಂಚದವರಿಗೆ ನನ್ನ ನಮಸ್ಕಾರ. ಇದನ್ನು ಓದಿ ಹೇಳುವಾಗ ಅವರು ನಿಧಾನವಾಗಿ, ಜೋರಾಗಿ ಓದಬೇಕು, ಬಲಗಿವಿಯ ಹತ್ತಿರ. ಎಡಗಿವಿ ನಿನಗೆ ಹೆಸರಿಗೆ ಮಾತ್ರ ಇರುವುದು.

ಆಮೇಲಿನ ಮೂರು ಸಭೆಯಲ್ಲೂ ನಾನು ಲೋಟ ಮುಟ್ಟಲಿಲ್ಲ. ಯಾರಾದರೂ ಒಬ್ಬರು ನನ್ನ ಮೇಲೆ ಕೂಗಾಡಿದ್ದರೆ ಇನ್ನೂ ಎಷ್ಟು ಸಭೆ ಬೇಕಾದರೂ ಕೂರುತ್ತಿದ್ದೆ. ಕೂಗಾಡುವವರ ಜೊತೆ ಬಾಳಿ ಅಭ್ಯಾಸ ಇದೆ ನನಗೆ. ಇವರು ಕೂಗಾಡಲಿಲ್ಲ. ಡ್ರೈವರನ ಹೆಂಡತಿ ಮೆಟ್ಟಿಲ ಮೇಲೆ ನಿಂತು “ಅಜ್ಜಿ, ನಿಮಗೂ ಒಂದು ಚೊಂಬು ಸುರೀಲಾ?” ಅಂತ ಕೇಳಿದಳು. ಬಡಗಿ ಬಚ್ಚಲಿಗೆ ಹಿಡಿಕೆ ಕೆತ್ತಿ ಇಟ್ಟಿದ್ದಾನೆ, ಗೋಡೆಗೆ ಬಡಿಯಲು ಒಪ್ಪಿಗೆ ಇಲ್ಲ ಅಂತ ತನ್ನ ಕೋಣೆಯ ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದಾನೆ. ಮೇಷ್ಟ್ರು ನೀರಿನ ಬಕೆಟ್ಟು ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡು ಮಲಗಿದರು. ಆದರೂ ಸಭೆಗೆ ಗೋಡೆ ಹಿಡಿದುಕೊಂಡು ಬಂದು “ಯಾರೂ ಅಜ್ಜಿಗೆ ಒತ್ತಾಯ ಮಾಡಬಾರದು” ಅಂದರು. ಇಂಥವರ ಎದುರು ಏನು ಹಿಡಿದುಕೊಂಡು ಹೋರಾಡುತ್ತೀ ಹೇಳು.

ಈ ಭಾನುವಾರ ಅದೇ ವಾಕ್ಯ ಮತ್ತೆ ಓದಿದರು. ಎಲ್ಲರೂ ಬೋರಲು ಹಾಕಿದರು. ನನ್ನ ಲೋಟದ ಮುಂದೆ ನಾನು ಕೂತಿದ್ದೆ. ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು, ಗಂಟಲು ಕಟ್ಟಿ ಅಳುವ ಅಳು. ಮೊಮ್ಮಗಳು ನನ್ನ ಕಡೆ ನೋಡುತ್ತಿರಲಿಲ್ಲ, ತನ್ನ ಕೈಯ ಚರ್ಮ ಕೀಳುತ್ತಿದ್ದಳು, ಬಕೆಟ್ಟಿನ ಹಿಡಿಯಿಂದ ದಪ್ಪಗಾಗಿತ್ತು.

ಎತ್ತಿ ಕುಡಿದೆ. ಆರಿ ತಣ್ಣಗಾಗಿತ್ತು, ಸಕ್ಕರೆ ಎಲ್ಲ ತಳಕ್ಕೆ ಇಳಿದಿತ್ತು. ಬೋರಲು ಹಾಕಿದೆ.

ಚಪ್ಪಾಳೆ ಹೊಡೆದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟು ತಿಂಗಳಾದ್ರೂ ನಾವು ಯಾರನ್ನೂ ಸೋಲಿಸಲಿಲ್ಲ” ಅಂದರು. ಬಡಗಿ ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಡ್ರೈವರನ ಹೆಂಡತಿ ನನ್ನನ್ನು ತಬ್ಬಿಕೊಂಡಳು. ಒಬ್ಬರಿಗೂ ಮನಸ್ಸಿನಲ್ಲಿ ಕಪಟ ಇರಲಿಲ್ಲ. ನಾನು ಎಲ್ಲರ ಕಣ್ಣಲ್ಲಿ ಹುಡುಕಿದೆ, ಸ್ವಲ್ಪವಾದರೂ ಸಿಕ್ಕಿದ್ದರೆ ನನಗೆ ಉಪಕಾರ ಆಗುತ್ತಿತ್ತು.

ಪಂಪಿನ ವಿಷಯ ಎರಡನೆಯ ಸುತ್ತಿನ ಚಹಾ ಆರುವ ಮೊದಲೇ ಮುಗಿಯಿತು. ಬುಧವಾರ ಕೂರಿಸಿದರು. ನಲ್ಲಿಯಲ್ಲಿ ಮೊದಲು ತುಕ್ಕಿನ ನೀರು ಬಂತು, ಆಮೇಲೆ ತಿಳಿಯಾಯಿತು. ಕೂಸಿಗೆ ಸ್ನಾನ ಮಾಡಿಸಿದರು. ಗುಳ್ಳೆ ಒಣಗುತ್ತಿದೆ, ನೀನು ಕೇಳಿದ್ದೆಯಲ್ಲ. ಮೊಮ್ಮಗಳ ಹತ್ತಿರ ನಾನೇ ಮೊದಲು ಮಾತಾಡಿದೆ. “ಹೂಂ ಅಜ್ಜಿ” ಅಂದಳು. ಅಷ್ಟರ ಮಟ್ಟಿಗೆ ಬಂದಿದೆ.

ಗಡಿಯಾರದವನು ಸಂಜೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. “ಬೈಯಿರಿ ಅಜ್ಜಿ” ಅಂದ. ನನಗೆ ಬೈಗುಳ ಒಂದೂ ನೆನಪಾಗಲಿಲ್ಲ, ನಂಬುತ್ತೀಯಾ? “ಹೋಗಿ ಊಟ ಮಾಡು” ಅಂದೆ.

ಈ ಸೊಂಟದಲ್ಲಿ ನಾನು ಅಲ್ಲಿಯ ತನಕ ರೈಲಿನಲ್ಲಿ ಬರಲಾರೆ ಅಂತ ಮೊಮ್ಮಗಳ ಆಸ್ಪತ್ರೆಯ ಡಾಕ್ಟ್ರು ಹೇಳಿದ್ದಾರೆ. ನಿನ್ನನ್ನು ಒಬ್ಬಳೇ ರೈಲು ಹತ್ತಿಸಲು ನಿಮ್ಮ ಆಫೀಸಿನವರು ಬಿಡುವುದಿಲ್ಲ. ಇಷ್ಟು ನಿನಗೆ ನಾನು ಬರೆಯದಿದ್ದರೂ ಗೊತ್ತು.

ಬೇರೆಯವರ ಕೈಯಲ್ಲಿ ಬರೆಸಲಾಗದೆ ಬಿಟ್ಟೆಯಲ್ಲ ಒಂದು ಮಾತು, ಅದಕ್ಕೆ ಉತ್ತರ ಬರೆಯಲು ಕೂತೆ. ನನ್ನ ಕೈಯಲ್ಲೂ ಬರುತ್ತಿಲ್ಲ. ಸಭೆಯಲ್ಲಿ ಓದಿದ್ದನ್ನೇ ಇಳಿಸಿ ಕಳಿಸುತ್ತಿದ್ದೇನೆ. ನೀನು ಈ ಮನೆಗೆ ಯಾವಾಗ ಬೇಕಾದರೂ ಬರಬಹುದು, ಹಗಲು ಹೊತ್ತು. ಎಲ್ಲರೂ ಒಪ್ಪಿದ್ದಾರೆ.

ನಿನ್ನ ಅಕ್ಕ